ಬರೆದುಕೊಟ್ಟ ಟೆಸ್ಟು, ಕೇಳದೇ ಬಿಟ್ಟ ಮಾತು

ಮೂರನೇ ತಿಂಗಳು ತುಂಬುವ ಹೊತ್ತಿಗೆ ಬಸುರಿಯ ಕೈಗೆ ಒಂದು ಚೀಟಿ ಬರುತ್ತದೆ. ಅದರಲ್ಲಿ ಎರಡೇ ಸಾಲು: ಎನ್‌ಟಿ ಸ್ಕ್ಯಾನ್, ಡಬಲ್ ಮಾರ್ಕರ್. ‘ಇವೆರಡು ಮಾಡಿಸ್ಕೊಂಡು ಬನ್ನಿ’ ಎನ್ನುತ್ತಾರೆ ಡಾಕ್ಟರು. ಹೊರಗೆ ಬೆಂಚಿನ ಮೇಲೆ ಇನ್ನೂ ಹತ್ತಾರು ಜನ ಕಾಯುತ್ತಿರುತ್ತಾರೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಇಂಜೆಕ್ಷನ್ನುಗಳ ಜೊತೆಗೆ ಇದೂ ಒಂದು ಎಂದುಕೊಂಡು ಗಂಡ ಕೌಂಟರಿನಲ್ಲಿ ದುಡ್ಡು ಕಟ್ಟುತ್ತಾನೆ. ಯಾಕೆ ಇದು ಎಂದರೆ ‘ಮಗು ಸರಿಯಾಗಿದೆಯಾ ಅಂತ ನೋಡೋಕೆ’ ಎಂಬ ಉತ್ತರ ಸಿಗುತ್ತದೆ.

ಸರಿಯಾಗಿಲ್ಲ ಅಂತ ಬಂದರೆ ಏನು ಮಾಡುತ್ತೀರಿ? ಈ ಪ್ರಶ್ನೆಯನ್ನು ಆ ಹೊತ್ತಿನಲ್ಲಿ ಯಾರೂ ಎತ್ತುವುದಿಲ್ಲ. ಬಸುರಿಯ ಮುಂದೆ ಕೆಟ್ಟದ್ದು ಆಡಬಾರದೆಂದು ಮನೆಯವರು ಬಾಯಿ ಬಿಡುವುದಿಲ್ಲ, ಡಾಕ್ಟರಿಗೆ ಪುರುಸೊತ್ತಿರುವುದಿಲ್ಲ. ರಕ್ತ ತೆಗೆಯುವ ಮುಂಚೆ ಆಗಲೇಬೇಕಾದ ಮಾತು ಅದೊಂದೇ ಎಂದು ನನಗನ್ನಿಸುತ್ತದೆ. ಯಾಕೆಂದರೆ ಈ ಪರೀಕ್ಷೆಯಲ್ಲಿ ಪತ್ತೆಯಾಗುವುದಕ್ಕೆ ಬಹುಮಟ್ಟಿಗೆ ಔಷಧಿಯಿಲ್ಲ. ಹಿಮೋಗ್ಲೋಬಿನ್ ಕಡಿಮೆ ಎಂದು ತಿಳಿದರೆ ಮಾತ್ರೆ ನುಂಗಬಹುದು, ಸಕ್ಕರೆ ಹೆಚ್ಚು ಎಂದು ತಿಳಿದರೆ ಊಟ ತಿದ್ದಿಕೊಳ್ಳಬಹುದು. ಇಲ್ಲಿ ತಿಳಿದ ಮೇಲೆ ಉಳಿಯುವುದು ತೀರ್ಮಾನ ಮಾತ್ರ.

ಮೊದಲಿಗೆ, ‘ಮಗು ಸರಿಯಾಗಿದೆಯಾ’ ಎಂಬಷ್ಟು ದೊಡ್ಡ ಪ್ರಶ್ನೆಗೆ ಈ ಪರೀಕ್ಷೆ ಉತ್ತರ ಕೊಡುವುದಿಲ್ಲ. ಡಬಲ್ ಮಾರ್ಕರ್ ಮುಖ್ಯವಾಗಿ ಹುಡುಕುವುದು ಮೂರು ಸ್ಥಿತಿಗಳನ್ನು: ಡೌನ್, ಎಡ್ವರ್ಡ್ಸ್, ಪಟಾವ್ ಸಿಂಡ್ರೋಮ್. ಕ್ರಮವಾಗಿ 21, 18 ಮತ್ತು 13ನೇ ಕ್ರೋಮೊಸೋಮು ಎರಡರ ಬದಲು ಮೂರಿದ್ದರೆ ಬರುವಂಥವು. ಡೌನ್ ಸಿಂಡ್ರೋಮಿನ ಲಕ್ಷಣಗಳನ್ನು ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್‌ಡನ್ ಡೌನ್ 1866ರಲ್ಲೇ ಬರೆದಿಟ್ಟಿದ್ದ. ಕಾರಣ ಹೆಚ್ಚುವರಿ ಕ್ರೋಮೊಸೋಮು ಎಂದು ಗೊತ್ತಾಗಲು 1959ರವರೆಗೆ, ಫ್ರಾನ್ಸಿನ ಜೆರೋಮ್ ಲೆಜೂನ್ ತಂಡದ ಕೆಲಸದವರೆಗೆ, ಕಾಯಬೇಕಾಯಿತು. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿಯಿದ್ದರೂ ಅವು ಒಂದೇ ತೂಕದವಲ್ಲ. ಎಡ್ವರ್ಡ್ಸ್ ಮತ್ತು ಪಟಾವ್ ಇರುವ ಹೆಚ್ಚಿನ ಮಕ್ಕಳು ಮೊದಲ ಹುಟ್ಟುಹಬ್ಬ ಕಾಣುವುದಿಲ್ಲ. ಡೌನ್ ಇರುವ ಮಗು ತಡವಾಗಿ ನಡೆಯುತ್ತದೆ, ತಡವಾಗಿ ಮಾತಾಡುತ್ತದೆ, ಕಲಿಕೆಯಲ್ಲಿ ಹಿಂದೆ ಬೀಳುತ್ತದೆ. ಆದರೆ ಬೆಳೆಯುತ್ತದೆ, ದೊಡ್ಡದಾಗುತ್ತದೆ. ಒಳ್ಳೆಯ ಆರೈಕೆಯಿರುವ ದೇಶಗಳಲ್ಲಿ ಇಂಥವರ ಸರಾಸರಿ ಆಯಸ್ಸು 60ರ ಆಸುಪಾಸಿಗೆ ಬಂದಿದೆ. ಅರ್ಧದಷ್ಟು ಮಕ್ಕಳಿಗೆ ಹೃದಯದ ದೋಷ ಇರುತ್ತದೆ, ಅದರಲ್ಲಿ ಹೆಚ್ಚಿನದನ್ನು ಆಪರೇಷನ್ನಿನಲ್ಲಿ ಸರಿಪಡಿಸಬಹುದು.

ಎನ್‌ಟಿ ಸ್ಕ್ಯಾನಿನ ಕೋಣೆಯನ್ನು ಒಮ್ಮೆ ನೋಡಬೇಕು. ಭ್ರೂಣದ ಕತ್ತಿನ ಹಿಂಬದಿ, ಚರ್ಮದ ಕೆಳಗೆ, ಒಂದಿಷ್ಟು ನೀರು ನಿಂತಿರುತ್ತದೆ. ಅದರ ದಪ್ಪವನ್ನು ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಅಳೆಯುತ್ತಾರೆ. ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯ ಕಿಪ್ರೋಸ್ ನಿಕೊಲೈಡಿಸ್ ಮತ್ತು ಸಂಗಡಿಗರು 1992ರಲ್ಲಿ ತೋರಿಸಿಕೊಟ್ಟ ಅಳತೆ ಇದು. ಮಗು ತಲೆಯಿಂದ ಕುಂಡೆಯವರೆಗೆ 45ರಿಂದ 84 ಮಿಲಿಮೀಟರ್ ಇರುವಾಗ, ಅಂದರೆ ಸುಮಾರು 11ನೇ ವಾರದಿಂದ 14 ತುಂಬುವುದರೊಳಗೆ ಮಾತ್ರ ಇದಕ್ಕೆ ಅರ್ಥ. ಮಗು ಪಕ್ಕಕ್ಕೆ ಸರಿಯಾಗಿ ತಿರುಗಿರಬೇಕು, ಗಲ್ಲ ಎದೆಗೆ ಒತ್ತಿರಬಾರದು, ಕತ್ತು ಹಿಂದಕ್ಕೆ ವಾಲಿರಬಾರದು. ಅದೋ ಬೆನ್ನು ತೋರಿಸಿ ಮಲಗಿಬಿಟ್ಟಿರುತ್ತದೆ. ‘ಹೊರಗೆ ಒಂದು ರೌಂಡ್ ನಡೆದು ಬನ್ನಿ, ಏನಾದರೂ ಸಿಹಿ ಕುಡೀರಿ’ ಎಂದು ಬಸುರಿಯನ್ನು ಕಳಿಸುತ್ತಾರೆ. ಕಾರಿಡಾರಿನಲ್ಲಿ ಮಾವಿನಹಣ್ಣಿನ ಜ್ಯೂಸಿನ ಡಬ್ಬಿ ಹಿಡಿದು ಅತ್ತಿಂದಿತ್ತ ನಡೆಯುವ ಹೆಂಗಸರನ್ನು ಕಂಡರೆ ಅದು ಸ್ಕ್ಯಾನಿಂಗ್ ಸೆಂಟರ್ ಎಂದು ಬೋರ್ಡು ನೋಡದೆಯೂ ಹೇಳಬಹುದು. ತಾಳ್ಮೆಯಿರುವ ತಜ್ಞರು ಎರಡು ಮೂರು ಸಲ ಅಳೆಯುತ್ತಾರೆ. ಗಡಿಬಿಡಿಯಲ್ಲಿ ಸಿಕ್ಕಿದ ಭಂಗಿಯಲ್ಲಿ ಅಳೆದ ಅಂಕಿಯೂ ರಿಪೋರ್ಟಿನಲ್ಲಿ ಅಷ್ಟೇ ಖಚಿತವಾಗಿ ಕಾಣಿಸುತ್ತದೆ.

ಇನ್ನು ರಕ್ತದ ರಿಪೋರ್ಟು. ನೋಡುವುದು ಎರಡು ಅಂಶ: ಬೀಟಾ ಎಚ್‌ಸಿಜಿ ಮತ್ತು ಪ್ಯಾಪ್-ಎ. ಡೌನ್ ಇದ್ದರೆ ಸಾಮಾನ್ಯವಾಗಿ ಮೊದಲನೆಯದು ಎರಡು ಪಟ್ಟಿನಷ್ಟು ಏರಿರುತ್ತದೆ, ಎರಡನೆಯದು ಅರ್ಧಕ್ಕೆ ಇಳಿದಿರುತ್ತದೆ. ಆದರೆ ಕಂಪ್ಯೂಟರು ಇವೆರಡನ್ನೇ ನೋಡಿ ಲೆಕ್ಕ ಹಾಕುವುದಿಲ್ಲ. ತಾಯಿಯ ವಯಸ್ಸು, ತೂಕ, ಎಷ್ಟನೇ ವಾರ, ಸಕ್ಕರೆ ಕಾಯಿಲೆಯಿದೆಯೇ, ಐವಿಎಫ್ ಬಸುರೇ, ಅವಳಿಯೇ ಎಂಬುದನ್ನೆಲ್ಲ ಸೇರಿಸಿಕೊಳ್ಳುತ್ತದೆ. ಲ್ಯಾಬಿನ ಹುಡುಗ ರಕ್ತ ತೆಗೆಯುವಾಗ ಒಂದು ಫಾರಂ ತುಂಬಿಸಿಕೊಳ್ಳುತ್ತಾನಲ್ಲ, ಅದರಲ್ಲಿ ಮದುವೆಯ ಹಿಂದಿನ ತೂಕ ಬರೆದರೆ, ಕೊನೆಯ ಮುಟ್ಟಿನ ತಾರೀಖನ್ನು ಅಂದಾಜಿನಲ್ಲಿ ಹೇಳಿದರೆ ಫಲಿತಾಂಶವೇ ಬದಲಾಗುತ್ತದೆ. ಸ್ಕ್ಯಾನಿನ ಅಳತೆ ಸೇರಿಸದೆ ರಕ್ತವೊಂದರಿಂದಲೇ ಲೆಕ್ಕ ಹಾಕಿದ ರಿಪೋರ್ಟುಗಳೂ ಬರುತ್ತವೆ. ಹಾಗೆ ಮಾಡಿದರೆ ಪತ್ತೆಯ ಪ್ರಮಾಣ ಬಹಳ ಇಳಿಯುತ್ತದೆ. ಕೈಗೆ ರಿಪೋರ್ಟು ಬಂದಾಗ ಮೊದಲು ನೋಡಬೇಕಾದದ್ದು ಕೆಂಪಕ್ಷರವನ್ನಲ್ಲ, ಮೇಲಿನ ಮೂಲೆಯಲ್ಲಿ ತಮ್ಮ ವಯಸ್ಸು, ತೂಕ, ವಾರ ಸರಿಯಾಗಿ ದಾಖಲಾಗಿವೆಯೇ ಎಂಬುದನ್ನು.

ಕೊನೆಗೆ ಬರುವುದು ಒಂದು ಅನುಪಾತ. 1:180 ಎಂದಿರಬಹುದು, 1:4,000 ಎಂದಿರಬಹುದು. ಬಹಳ ಲ್ಯಾಬುಗಳು 1:250 ಅನ್ನು ಗಡಿಯಾಗಿ ಇಟ್ಟುಕೊಂಡಿವೆ. ಅದಕ್ಕಿಂತ ಅಪಾಯ ಹೆಚ್ಚಿದ್ದರೆ ‘ಸ್ಕ್ರೀನ್ ಪಾಸಿಟಿವ್’. ಈ ಪಾಸಿಟಿವ್ ಎಂಬುದು ಮನೆಗೆ ಬರುವಷ್ಟರಲ್ಲಿ ‘ಮಗುವಿಗೆ ಡೌನ್ ಇದೆಯಂತೆ’ ಎಂದಾಗಿರುತ್ತದೆ. 1:180 ಅಂದರೆ ಇಂಥದ್ದೇ ರಿಪೋರ್ಟು ಬಂದ 180 ತಾಯಂದಿರಲ್ಲಿ 179 ಜನರ ಮಗುವಿಗೆ ಡೌನ್ ಇರುವುದಿಲ್ಲ.

ಈ ಪರೀಕ್ಷೆಯೆಂಬುದು ಒಂದು ಜರಡಿ. ಹಿಟ್ಟು ಯಾವುದು, ತೌಡು ಯಾವುದು ಎಂಬ ಕೊನೆಯ ತೀರ್ಪನ್ನು ಅದು ಕೊಡುವುದಿಲ್ಲ. ಹತ್ತು ಸಾವಿರ ಬಸುರಿಯರಲ್ಲಿ 15 ಜನರ ಭ್ರೂಣಕ್ಕೆ ಡೌನ್ ಇದೆ ಎಂದಿಟ್ಟುಕೊಳ್ಳಿ. ಸ್ಕ್ಯಾನು ಮತ್ತು ರಕ್ತ ಎರಡನ್ನೂ ಚೆನ್ನಾಗಿ ಮಾಡಿದರೆ ಅದರಲ್ಲಿ 13 ಜನ ಸಿಗುತ್ತಾರೆ, ಇಬ್ಬರು ತಪ್ಪಿಸಿಕೊಳ್ಳುತ್ತಾರೆ. ಜೊತೆಗೆ ಏನೂ ತೊಂದರೆಯಿಲ್ಲದ ಶೇ 5ರಷ್ಟು, ಅಂದರೆ ಸುಮಾರು 500 ಜನರೂ ಪಾಸಿಟಿವ್ ಪಟ್ಟಿಗೆ ಸೇರುತ್ತಾರೆ. ರಾತ್ರಿ ನಿದ್ದೆ ಬಿಟ್ಟು ಅಳುವ ಸುಮಾರು 40 ಜನರಲ್ಲಿ ಒಬ್ಬರಿಗಷ್ಟೇ ಆ ಅಳುವಿಗೆ ಕಾರಣವಿರುತ್ತದೆ. ಇತ್ತ, ‘ಲೋ ರಿಸ್ಕ್’ ಎಂದು ಬಂದ ಇಬ್ಬರು ಸಮಾಧಾನವಾಗಿ ಸೀಮಂತ ಮಾಡಿಸಿಕೊಂಡಿರುತ್ತಾರೆ. 35 ದಾಟಿದವರಿಗೆ ಮಾತ್ರ ಇದರ ಚಿಂತೆ ಎಂಬುದೂ ಪೂರ್ತಿ ನಿಜವಲ್ಲ. ವಯಸ್ಸಿನೊಂದಿಗೆ ಸಂಭವ ಏರುವುದು ಹೌದು: 25ರ ಹರೆಯದಲ್ಲಿ ಸಾವಿರಕ್ಕೆ ಒಂದಕ್ಕಿಂತ ಕಡಿಮೆ, 35ಕ್ಕೆ ಸುಮಾರು 350ಕ್ಕೆ ಒಂದು, 40ಕ್ಕೆ ಹೆಚ್ಚುಕಡಿಮೆ ನೂರಕ್ಕೆ ಒಂದು. ಆದರೆ ಹೆರುವವರಲ್ಲಿ ಚಿಕ್ಕ ವಯಸ್ಸಿನವರೇ ಹೆಚ್ಚಾದ್ದರಿಂದ ಡೌನ್ ಇರುವ ಮಕ್ಕಳೂ ಹೆಚ್ಚಾಗಿ ಅವರಿಗೇ ಹುಟ್ಟುತ್ತವೆ.

ಪಾಸಿಟಿವ್ ಬಂದವರಿಗೆ ಈಗ ಮಧ್ಯದಲ್ಲಿ ಇನ್ನೊಂದು ಮೆಟ್ಟಿಲಿದೆ: ಎನ್‌ಐಪಿಟಿ. ಬಸುರಿಯ ರಕ್ತದಲ್ಲಿ ಮಗುವಿನ ಡಿಎನ್‌ಎ ತುಣುಕುಗಳು ತೇಲುತ್ತಿರುತ್ತವೆ ಎಂದು ಹಾಂಗ್‌ಕಾಂಗಿನ ಡೆನ್ನಿಸ್ ಲೋ 1997ರಲ್ಲಿ ಕಂಡುಹಿಡಿದರು. 2011ರ ಹೊತ್ತಿಗೆ ಅದು ಮಾರುಕಟ್ಟೆಯ ಪರೀಕ್ಷೆಯಾಯಿತು. ಡೌನ್ ಇದ್ದರೆ ನೂರಕ್ಕೆ 99ರಷ್ಟು ಹಿಡಿಯುತ್ತದೆ, ಸುಳ್ಳು ಪಾಸಿಟಿವ್ ಸಾವಿರಕ್ಕೆ ಒಂದರ ಆಸುಪಾಸು. ಕೇಳಲು ತುಂಬ ಚೆನ್ನಾಗಿದೆ. ಆದರೂ ಸಂಭವವೇ ಸಾವಿರಕ್ಕೆ ಒಂದಿರುವ ಚಿಕ್ಕ ವಯಸ್ಸಿನ ಬಸುರಿಗೆ ಪಾಸಿಟಿವ್ ಬಂದರೆ ಅದು ನಿಜವಾಗಿರುವ ಸಾಧ್ಯತೆ ಅರ್ಧಕ್ಕರ್ಧ ಮಾತ್ರ. ಆ ಡಿಎನ್‌ಎ ಬರುವುದು ಹೆಚ್ಚಾಗಿ ಮಾಸಿನಿಂದ, ನೇರವಾಗಿ ಮಗುವಿನಿಂದಲ್ಲ. ಮಾಸಿನಲ್ಲಿರುವ ವ್ಯತ್ಯಾಸ ಮಗುವಿನಲ್ಲಿ ಇಲ್ಲದೇ ಇರಬಹುದು. ಹಾಗಾಗಿ ಎಷ್ಟೇ ದುಬಾರಿಯಾದರೂ, ಐದಂಕಿಯ ದುಡ್ಡು ತೆತ್ತರೂ, ಇದೂ ಜರಡಿಯೇ. ಇದೊಂದನ್ನೇ ನಂಬಿ ಗರ್ಭ ತೆಗೆಸುವ ತೀರ್ಮಾನಕ್ಕೆ ಯಾರೂ ಹೋಗಬಾರದು.

ಖಚಿತ ಉತ್ತರಕ್ಕೆ ಸೂಜಿಯೇ ಬೇಕು. 11ರಿಂದ 14ನೇ ವಾರದೊಳಗೆ ಮಾಸಿನ ಚೂರು ತೆಗೆಯುವುದು ಒಂದು, 15 ವಾರ ಕಳೆದ ಮೇಲೆ ಹೊಟ್ಟೆಯ ಮೇಲಿಂದ ಸೂಜಿ ಚುಚ್ಚಿ ಮಗುವಿನ ಸುತ್ತಲಿನ ನೀರು ತೆಗೆಯುವುದು ಇನ್ನೊಂದು. ಎರಡನೆಯದೇ ಆಮ್ನಿಯೊ. ಸ್ಕ್ಯಾನಿನ ಪರದೆ ನೋಡುತ್ತ ನಾಲ್ಕು ಚಮಚೆಯಷ್ಟು ನೀರು ಎಳೆದುಕೊಳ್ಳುತ್ತಾರೆ, ನಿಮಿಷಗಳ ಕೆಲಸ. ಗರ್ಭಪಾತದ ಅಪಾಯ ಸ್ವಲ್ಪ ಉಂಟು. ಹಳೆಯ ಪುಸ್ತಕಗಳು 200ಕ್ಕೆ ಒಂದು ಎನ್ನುತ್ತಿದ್ದವು, ಪಳಗಿದ ಕೈಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಎಂಬುದು ಈಚಿನ ಲೆಕ್ಕ. ತುರ್ತು ರಿಪೋರ್ಟು ಕೆಲವೇ ದಿನದಲ್ಲಿ ಬರುತ್ತದೆ. ಜೀವಕೋಶ ಬೆಳೆಸಿ ಎಲ್ಲ ಕ್ರೋಮೊಸೋಮು ಎಣಿಸುವ ಪೂರ್ತಿ ರಿಪೋರ್ಟಿಗೆ ಎರಡು ಮೂರು ವಾರ ಬೇಕು.

ಇಲ್ಲಿಂದ ಕ್ಯಾಲೆಂಡರಿನ ಕಾಟ ಶುರು. 1971ರ ಗರ್ಭಪಾತ ಕಾಯ್ದೆ ಇದ್ದದ್ದು 20 ವಾರಕ್ಕೆ. 2008ರಲ್ಲಿ ಮುಂಬೈನ ಬಸುರಿಯೊಬ್ಬರಿಗೆ 20 ವಾರ ದಾಟಿದ ಮೇಲೆ ಮಗುವಿನ ಹೃದಯದ ತೊಂದರೆ ಗೊತ್ತಾಗಿ, ಅವರು ಬಾಂಬೆ ಹೈಕೋರ್ಟಿನ ಬಾಗಿಲು ತಟ್ಟಿದರು. ಕೋರ್ಟು ಅನುಮತಿ ಕೊಡಲಿಲ್ಲ. ಆ ಚರ್ಚೆ ಹದಿಮೂರು ವರ್ಷ ಎಳೆದು 2021ರಲ್ಲಿ ತಿದ್ದುಪಡಿ ಬಂತು. ಈಗ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಭ್ರೂಣದ ಗಂಭೀರ ದೋಷ ಸೇರಿದಂತೆ ಕೆಲವು ಕಾರಣಗಳಿಗೆ ಇಬ್ಬರು ವೈದ್ಯರು ಒಪ್ಪಿದರೆ 24ರವರೆಗೆ ಅವಕಾಶವಿದೆ. ಅದೂ ದಾಟಿದರೆ, ದೋಷ ತೀವ್ರವಾದದ್ದೆಂದು ವೈದ್ಯಕೀಯ ಮಂಡಳಿ ಒಪ್ಪಬೇಕು. ಬಾಗಿಲು ಅಗಲವಾಗಿದೆ ನಿಜ, ಆದರೆ 13ನೇ ವಾರದಲ್ಲಿ ಗರ್ಭ ತೆಗೆಸುವುದಕ್ಕೂ 23ನೇ ವಾರದಲ್ಲಿ ಹೆರಿಗೆ ನೋವು ತಿಂದು ಹೊರಹಾಕುವುದಕ್ಕೂ ಅಜಗಜಾಂತರವಿದೆ. ಅಷ್ಟರಲ್ಲಿ ಮಗು ಒದೆಯಲು ಶುರು ಮಾಡಿರುತ್ತದೆ.

ಈ ಕ್ಯಾಲೆಂಡರಿಗೂ ನಮ್ಮ ಮನೆಗಳ ಕ್ಯಾಲೆಂಡರಿಗೂ ತಾಳಮೇಳವಿಲ್ಲ. ಮೂರು ತಿಂಗಳು ತುಂಬುವವರೆಗೆ ವಿಷಯ ಹೊರಗೆ ಹಾಕಬಾರದೆಂಬುದು ನಮ್ಮ ಕಡೆಯ ರೂಢಿ. ಎನ್‌ಟಿ ಸ್ಕ್ಯಾನಿನ ಸಮಯ ಸರಿಯಾಗಿ ಅದೇ ಗುಟ್ಟಿನ ವಾರಗಳಲ್ಲಿ ಬಂದು ಹೋಗುತ್ತದೆ. ಅಕ್ಕನನ್ನೋ ಗೆಳತಿಯನ್ನೋ ಕೇಳೋಣವೆಂದರೆ ಅವರಿಗಿನ್ನೂ ಹೇಳಿಯೇ ಇರುವುದಿಲ್ಲ. ಐದನೇ ತಿಂಗಳ ಸ್ಕ್ಯಾನ್ ಎಂದು ಎಲ್ಲರೂ ಕರೆಯುವ ಅನಾಮಲಿ ಸ್ಕ್ಯಾನಿಗೂ ಇದೇ ಗತಿ. ಅದು ನಡೆಯಬೇಕಾದದ್ದು 18ರಿಂದ 20ನೇ ವಾರದಲ್ಲಿ. ಮನೆಯ ಹಿರಿಯರ ಲೆಕ್ಕದಲ್ಲಿ ‘ಐದು ತುಂಬಲಿ’ ಎಂದು ಕಾದರೆ 22ನೇ ವಾರ ಬಂದಿರುತ್ತದೆ. ಬೆನ್ನುಹುರಿ, ಹೃದಯ, ಮೂತ್ರಪಿಂಡ, ತುಟಿ ಎಲ್ಲವನ್ನೂ ನೋಡುವುದು ಈ ಸ್ಕ್ಯಾನಿನಲ್ಲಿ. ಡಬಲ್ ಮಾರ್ಕರ್ ಬೇಡ ಎಂದವರೂ ಇದನ್ನು ತಪ್ಪಿಸಬಾರದು ಎಂಬುದು ನನ್ನ ಅಭಿಪ್ರಾಯ. ಗರ್ಭ ತೆಗೆಸುವ ಯೋಚನೆ ಎಳ್ಳಷ್ಟೂ ಇಲ್ಲದವರಿಗೂ ಇದರಿಂದ ಉಪಯೋಗವಿದೆ. ಹೃದಯದ ತೊಂದರೆ ಮೊದಲೇ ಗೊತ್ತಿದ್ದರೆ ಹೆರಿಗೆಯನ್ನು ತವರಿನ ನರ್ಸಿಂಗ್ ಹೋಮಿನಲ್ಲಿ ಮಾಡಿಸದೆ, ಮಕ್ಕಳ ಹೃದ್ರೋಗ ತಜ್ಞರಿರುವ ಊರಿನಲ್ಲಿ ಮಾಡಿಸಬಹುದು.

ಡಬಲ್ ಮಾರ್ಕರಿಗೆ ಮುಂಚೆ ಪ್ರತಿ ಬಸುರಿಗೂ ಆಗಬೇಕಾದ ಇನ್ನೊಂದು ಪರೀಕ್ಷೆಯಿದೆ, ಅದು ಅಗ್ಗದ್ದು: ಥಲಸೇಮಿಯಾ ವಾಹಕತ್ವದ ತಪಾಸಣೆ. ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಕೆಂಪುಕಣಗಳು ಚಿಕ್ಕದಾಗಿ ಕಂಡರೆ ‘ಕಬ್ಬಿಣ ಕಡಿಮೆ’ ಎಂದು ಮಾತ್ರೆ ಬರೆದು ಮುಗಿಸುವುದುಂಟು. ಅದು ಥಲಸೇಮಿಯಾ ವಾಹಕತ್ವವೂ ಆಗಿರಬಹುದು. ಗಂಡನೂ ವಾಹಕನಾಗಿದ್ದರೆ ಪ್ರತಿ ಬಸುರಿನಲ್ಲೂ ನಾಲ್ಕಕ್ಕೆ ಒಂದರಂತೆ, ಜೀವನಪೂರ್ತಿ ರಕ್ತ ಹಾಕಿಸಿಕೊಳ್ಳಬೇಕಾದ ಮಗು ಹುಟ್ಟುವ ಸಂಭವವಿರುತ್ತದೆ. ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಹಾಡಿಗಳಲ್ಲಿ ಸಿಕಲ್ ಸೆಲ್ ವಿಷಯದಲ್ಲೂ ಇದೇ ಮಾತು.

ಅಕ್ಕನ ಮಗಳನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ನಮ್ಮ ರಾಜ್ಯದಲ್ಲಿ ಇದನ್ನು ಇನ್ನೂ ಬಿಡಿಸಿ ಹೇಳಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದೊಳಗಿನವು. ಎಲ್ಲ ಮಕ್ಕಳಲ್ಲೂ ಶೇ 2ರಿಂದ 3ರಷ್ಟಿರುವ ಹುಟ್ಟುದೋಷದ ಸಂಭವ ಇಂಥ ಮದುವೆಗಳಲ್ಲಿ ಸುಮಾರು ಎರಡು ಪಟ್ಟಾಗುತ್ತದೆ. ಭಯಬೀಳುವಷ್ಟಲ್ಲ, ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳು ಚೆನ್ನಾಗಿಯೇ ಇರುತ್ತವೆ. ಆದರೆ ಹೀಗೆ ಬರುವ ಕಾಯಿಲೆಗಳು ಡಬಲ್ ಮಾರ್ಕರಿನ ಕಣ್ಣಿಗೆ ಬೀಳುವುದೇ ಇಲ್ಲ. ಮೊದಲ ಮಗು ಕಾಯಿಲೆಯಿಂದ ತೀರಿಕೊಂಡ ದಂಪತಿ ಎರಡನೇ ಬಸುರಿನಲ್ಲಿ ‘ಡಬಲ್ ಮಾರ್ಕರ್ ನಾರ್ಮಲ್ ಬಂತು’ ಎಂದು ನಿಟ್ಟುಸಿರು ಬಿಡುವುದನ್ನು ಕೇಳಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವರಿಗೆ ಬೇಕಿದ್ದದ್ದು ಬೇರೆಯದೇ. ತೀರಿಕೊಂಡ ಮಗುವಿನ ಕಾಯಿಲೆಯ ಹೆಸರೇನು, ಯಾವ ಜೀನಿನದು ಎಂದು ಪತ್ತೆಯಾಗಿರಬೇಕಿತ್ತು, ಅದೂ ಮತ್ತೆ ಬಸುರಾಗುವ ಮುಂಚೆ.

‘ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತಮ್ಮ, ನಾನು ಐದು ಹೆತ್ತಿಲ್ವೇ?’ ಎಂದು ಅತ್ತೆಯವರು ಕೇಳುತ್ತಾರೆ. ಹೆತ್ತದ್ದು ನಿಜ. ಹೆತ್ತವುಗಳಲ್ಲಿ ಉಳಿಯದೇ ಹೋದದ್ದನ್ನು ಆ ಕಾಲದವರು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ ಎಂಬುದೂ ನಿಜ. ಆದರೆ ಅತ್ತೆಯವರ ಮಾತಿನಲ್ಲಿ ಹುರುಳೇ ಇಲ್ಲವೆಂದಲ್ಲ. ಬೇಡದ ಭಯವನ್ನು ದುಡ್ಡು ಕೊಟ್ಟು ಮನೆಗೆ ತಂದುಕೊಳ್ಳುವುದೇಕೆ ಎಂಬ ಅನುಮಾನ ಅದರಲ್ಲಿದೆ. ಏನೇ ಬಂದರೂ ಈ ಮಗು ನಮ್ಮದು ಎಂದು ತೀರ್ಮಾನಿಸಿದ ಹೆಣ್ಣುಮಗಳು ಡಬಲ್ ಮಾರ್ಕರ್ ಬೇಡ ಎಂದರೆ ಅದನ್ನು ಹಳ್ಳಿಗಾಡಿನ ಅಜ್ಞಾನವೆಂದು ನೋಡಬೇಕಿಲ್ಲ. ಪರೀಕ್ಷೆ ಮಾಡಿಸಿ, ಆಮ್ನಿಯೊವರೆಗೂ ಹೋಗಿ, ಗರ್ಭ ತೆಗೆಸಿದವಳನ್ನು ಪಾಪಿಯೆಂದೂ ನೋಡಬೇಕಿಲ್ಲ. ಹುಟ್ಟಿದ ಮಗುವನ್ನು ಎತ್ತಿ ಆಡಿಸಲು ಹತ್ತು ಜನ ಬರುತ್ತಾರೆ. ಥೆರಪಿಗೆ ವಾರಕ್ಕೆ ಮೂರು ದಿನ ಬಸ್ಸು ಹತ್ತಿಸಿ ಕರೆದೊಯ್ಯುವುದು, ಶಾಲೆಯ ಹೆಡ್‌ಮಾಸ್ಟರ ಮುಂದೆ ಸೀಟಿಗಾಗಿ ನಿಲ್ಲುವುದು, ಕೆಲಸ ಬಿಡುವುದು ಬಹುತೇಕ ತಾಯಿಯ ಪಾಲಿಗೇ ಬರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಶಿಕ್ಷಣದ ಹಕ್ಕು ಕೊಟ್ಟಿದೆ, ನ್ಯಾಷನಲ್ ಟ್ರಸ್ಟಿನ ನಿರಾಮಯ ಯೋಜನೆಯಲ್ಲಿ ಒಂದು ಲಕ್ಷದವರೆಗೆ ಆರೋಗ್ಯ ವಿಮೆಯಿದೆ. ಪಾಸಿಟಿವ್ ಬಂದ ದಂಪತಿಗೆ ಇವನ್ನೂ ಹೇಳಬೇಕು. ಸಾಧ್ಯವಾದರೆ ಡೌನ್ ಇರುವ ಮಗುವನ್ನು ಬೆಳೆಸುತ್ತಿರುವ ಒಂದು ಮನೆಯವರನ್ನು ಭೇಟಿ ಮಾಡಿಸಬೇಕು. ಸದ್ಯಕ್ಕೆ ಅವರಿಗೆ ಸಿಗುವುದು ಗೂಗಲ್ ಮಾತ್ರ.

ಗರ್ಭದ ಪರೀಕ್ಷೆಯ ಮಾತು ಬಂದಾಗ ನಮ್ಮಲ್ಲಿ ಇನ್ನೊಂದು ನೆರಳು ಹಿಂದೆಯೇ ಬರುತ್ತದೆ. ಆಮ್ನಿಯೊ ಭಾರತಕ್ಕೆ ಬಂದದ್ದು 1970ರ ದಶಕದಲ್ಲಿ, ದೆಹಲಿಯ ಏಮ್ಸ್ ಮೂಲಕ, ಭ್ರೂಣದ ದೋಷ ಹುಡುಕಲೆಂದು. ಕೆಲವೇ ವರ್ಷಗಳಲ್ಲಿ ಜನ ಅದನ್ನು ಹೆಣ್ಣುಭ್ರೂಣ ಹುಡುಕಲು ಬಳಸಿದರು. 1994ರ ಲಿಂಗಪತ್ತೆ ನಿಷೇಧ ಕಾಯ್ದೆ ಹುಟ್ಟಿದ್ದು ಅದರಿಂದ. ಅಷ್ಟೆಲ್ಲ ಬಿಗಿಯಿದ್ದೂ 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಲಿಂಗ ಹೇಳುತ್ತಿದ್ದ ಜಾಲವನ್ನು ಪೊಲೀಸರು ಹಿಡಿದರು. ಅಮೆರಿಕದಲ್ಲಿರುವ ಮಗಳು ಎನ್‌ಐಪಿಟಿ ಮಾಡಿಸಿ ಹತ್ತು ಹನ್ನೊಂದನೇ ವಾರಕ್ಕೇ ‘ಅಮ್ಮಾ, ಹೆಣ್ಣುಮಗು’ ಎಂದು ಫೋನು ಮಾಡಬಹುದು. ಅದೇ ಪರೀಕ್ಷೆಯ ಇಲ್ಲಿಯ ರಿಪೋರ್ಟಿನಲ್ಲಿ ಲಿಂಗ ತಿಳಿಸುವಂತಿಲ್ಲ. ಈ ವಿಷಯದಲ್ಲಿ ನನಗೆ ಇಲ್ಲಿಯ ಕಾನೂನೇ ಸರಿ.

ಆದರೆ ಅದೇ ಕಾಯ್ದೆಯಲ್ಲಿ ಯಾರೂ ಹೆಚ್ಚು ಓದದ ಐದನೇ ಸೆಕ್ಷನ್ ಒಂದಿದೆ. ಆಮ್ನಿಯೊದಂಥ ಪರೀಕ್ಷೆಗೆ ಮುಂಚೆ ಅದರ ಅಡ್ಡಪರಿಣಾಮಗಳನ್ನೆಲ್ಲ ಬಸುರಿಗೆ ವಿವರಿಸಬೇಕು, ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಬರವಣಿಗೆಯ ಒಪ್ಪಿಗೆ ಪಡೆಯಬೇಕು, ಆ ಒಪ್ಪಿಗೆಯ ಒಂದು ಪ್ರತಿಯನ್ನು ಅವಳ ಕೈಗೆ ಕೊಡಬೇಕು. ಒಪ್ಪಿಗೆ ಬೇಕಿರುವುದು ಅವಳದು. ಗಂಡನ ಸಹಿ, ಮಾವನ ಸಮ್ಮತಿ ಎಂದೆಲ್ಲ ಅಲ್ಲಿಲ್ಲ. ವಯಸ್ಕ ಹೆಂಗಸಾದರೆ ಗರ್ಭಪಾತದ ಕಾಯ್ದೆಗೂ ಸಾಕಾಗುವುದು ಅವಳೊಬ್ಬಳ ಸಹಿಯೇ.

ಕೂತು ಮಾತಾಡುವ ತಜ್ಞರು ರಾಜ್ಯದಲ್ಲಿ ಇಲ್ಲವೆಂದಲ್ಲ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಂಥ ಕಡೆ ತಳಿವಿಜ್ಞಾನದ ಸಲಹೆ ಸಿಗುತ್ತದೆ. ರಾಯಚೂರು, ಬೀದರ್ ಕಡೆಯವರಿಗೆ ಅದು ರಾತ್ರಿಯಿಡೀ ಪ್ರಯಾಣ. ಹೋಗುವವರು ಸ್ಕ್ಯಾನಿನ ಚಿತ್ರ, ರಕ್ತದ ರಿಪೋರ್ಟಿನ ಎಲ್ಲ ಪುಟ, ತಾಯಿ ಕಾರ್ಡು, ಹಿಂದಿನ ಮಗು ತೀರಿಕೊಂಡಿದ್ದರೆ ಅದರ ಆಸ್ಪತ್ರೆ ಕಾಗದಗಳನ್ನು ಒಂದೇ ಫೈಲಿನಲ್ಲಿ ಕಟ್ಟಿಕೊಂಡು, ಫೋನು ಮಾಡಿ ದಿನ ಗೊತ್ತುಮಾಡಿಕೊಂಡು, 16ನೇ ವಾರದೊಳಗೆ ತಲುಪಿದರೆ ಸಲಹೆಗೂ ಯೋಚನೆಗೂ ಸಮಯ ಉಳಿಯುತ್ತದೆ. ಸಹಿ ಹಾಕಿಸುವ ಫಾರಂ ಇಂಗ್ಲಿಷಿನಲ್ಲಿದ್ದರೆ ಕನ್ನಡದ್ದು ಕೊಡಿ ಎಂದು ಕೇಳಿ, ಓದಿ, ತನ್ನ ಪ್ರತಿಯನ್ನು ಅದೇ ಫೈಲಿಗೆ ಸೇರಿಸಿಕೊಳ್ಳುವುದಕ್ಕೆ ಬಸುರಿಗೆ ಪೂರ್ತಿ ಹಕ್ಕಿದೆ.